ಜರ್ಮನಿಗೆ ಓದಲು ಹೊರಟವರಿಗೆ: ಊಟ, ಬಾಟಲಿ, ಭಾನುವಾರ

ಮಧ್ಯಾಹ್ನದ ಊಟಕ್ಕೆ ವಿಶ್ವವಿದ್ಯಾಲಯದ ಕ್ಯಾಂಟೀನು, ಅಂದರೆ 'ಮೆನ್ಸಾ'ನೇ ಅಗ್ಗ. ವಿದ್ಯಾರ್ಥಿ ಕಾರ್ಡಿಗೆ ಮೊದಲೇ ದುಡ್ಡು ತುಂಬಿಸಿಕೊಳ್ಳಿ. ಎಷ್ಟೋ ಮೆನ್ಸಾಗಳಲ್ಲಿ ನಗದು ತಗೊಳ್ಳುವುದಿಲ್ಲ, ಕಾರ್ಡ್ ಇಲ್ಲದಿದ್ದರೆ ಹೊರಗಿನವರ ದರ ಬೀಳುತ್ತದೆ. ಸಸ್ಯಾಹಾರಿಗಳು 'ವೆಗೆಟಾರಿಶ್' ಅಥವಾ 'ವೆಗಾನ್' ಎಂದು ಬರೆದಿದ್ದನ್ನೇ ತಗೊಳ್ಳಿ. ಬೇಳೆ ಸೂಪು, ಹುರಿದ ಆಲೂಗಡ್ಡೆಯಲ್ಲೂ 'ಶ್ಪೆಕ್' ಎಂಬ ಹಂದಿಮಾಂಸದ ಚೂರುಗಳು ಇರಬಹುದು. ಜೆಲ್ಲಿ ಮಿಠಾಯಿಯ ಪೊಟ್ಟಣದ ಮೇಲೆ 'ಗೆಲಾಟಿನೆ' (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್) ಇದೆಯಾ ನೋಡಿ.

ಹೋಟೆಲಿನಲ್ಲಿ ಬರೀ 'ವಾಸರ್' ಎಂದರೆ ಸಾಮಾನ್ಯವಾಗಿ ಗ್ಯಾಸ್ ತುಂಬಿದ ನೀರು ಬರುತ್ತದೆ, ಅದಕ್ಕೂ ದುಡ್ಡು! ಗ್ಯಾಸ್ ಇಲ್ಲದ ನೀರು ಬೇಕಾದರೆ 'ಶ್ಟಿಲೆಸ್ ವಾಸರ್' ಎಂದು ಕೇಳಿ. ಟಿಪ್ಸನ್ನು ಮೇಜಿನ ಮೇಲೆ ಬಿಟ್ಟು ಬರುವುದಕ್ಕಿಂತ ಬಿಲ್ ಕೊಡುವಾಗಲೇ ಸೇರಿಸಿ ಹೇಳುವುದು ವಾಡಿಕೆ: ಬಿಲ್ 18.50 ಯೂರೋ ಆದರೆ "20" ಅನ್ನಿ, ಸಾಕು.

ನೀರು, ಸೋಡಾದ ಬಳಸಿ ಬಿಸಾಡುವ ಬಾಟಲಿ, ಡಬ್ಬಿಗಳಿಗೆ 25 ಸೆಂಟ್ ಠೇವಣಿ ಇರುತ್ತದೆ. ಖಾಲಿಯಾದ ಮೇಲೆ ಅಂಗಡಿಗೆ ಮರಳಿಸಿದರೆ ಆ ದುಡ್ಡು ವಾಪಸ್. ಜಜ್ಜಬೇಡಿ, ಮೇಲೆ ಅಂಟಿಸಿದ ಚೀಟಿ ಕೀಳಬೇಡಿ. ಬಾರ್‌ಕೋಡ್ ಓದಲಾಗದಿದ್ದರೆ ಸೂಪರ್‌ಮಾರ್ಕೆಟ್ಟಿನ ಯಂತ್ರ ವಾಪಸ್ ತಳ್ಳುತ್ತದೆ. ಯಂತ್ರ ಕೊಟ್ಟ ರಸೀದಿಯನ್ನು ಅದೇ ಅಂಗಡಿಯ ಬಿಲ್ ಕೌಂಟರಿನಲ್ಲಿ ಕೊಡಬೇಕು.

ಭಾನುವಾರ ದಿನಸಿ ಅಂಗಡಿಗಳು ಬಂದ್. ದೊಡ್ಡ ರೈಲು ನಿಲ್ದಾಣದೊಳಗೆ ಕೆಲವು ತೆರೆದಿರುತ್ತವೆ, ಜನಜಂಗುಳಿ ಬೇರೆ. ಈಸ್ಟರ್‌ನಲ್ಲಂತೂ ಶುಕ್ರವಾರ, ಭಾನುವಾರ, ಸೋಮವಾರ ಮೂರೂ ರಜೆ. ಹಾಲು, ಬ್ರೆಡ್ಡು, ತರಕಾರಿಯನ್ನು ಗುರುವಾರವೇ ತಂದಿಡಿ.