ಕುಕ್ಕರಿನಲ್ಲೇ ಮುದ್ದೆ, ಅದರಡಿಯಲ್ಲೇ ಬಸ್ಸಾರು: ನನ್ನ ಅನುಭವ

ಕುಕ್ಕರಿನಲ್ಲಿ ಮುದ್ದೆ ಆಗಲ್ಲ ಅಂತ ಹೇಳಿದವರು ಒಬ್ಬಿಬ್ಬರಲ್ಲ. ಅಮ್ಮ ಹೇಳಿದರು, ಕುಣಿಗಲ್ಲಿನ ಭಾವ ಹೇಳಿದರು, ಪಕ್ಕದ ಮನೆ ಆಂಟಿ ಮುಖ ಕಿವುಚಿದರು. ಈಗ ನಮ್ಮನೆಯಲ್ಲಿ ಕೆಲಸದ ದಿನ ರಾತ್ರಿ ಊಟಕ್ಕೆ ಅದೇ ಮುದ್ದೆ. ಭಾವ ಬಂದಾಗಲೂ ಅದನ್ನೇ ಬಡಿಸುತ್ತೇನೆ, ಎರಡು ಮುದ್ದೆ ಸಲೀಸಾಗಿ ಇಳಿಸುತ್ತಾರೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ. ಮುದ್ದೆ ಮಾಡೋದು ಗೊತ್ತಿರುವವರಿಗೆ ಇದು. ಎಸರು ಅಂದರೇನು, ತೊಳಸೋದು ಹೇಗೆ ಅಂತ ಮೊದಲಿಂದ ಹೇಳಲು ಹೋಗುವುದಿಲ್ಲ.

ನಾವು ಮನೆಯಲ್ಲಿ ಐದು ಜನ. ಅಪ್ಪನಿಗೆ ರಾತ್ರಿ ಮುದ್ದೆ ಇಲ್ಲದಿದ್ದರೆ ಅದು ಊಟವೇ ಅಲ್ಲ. ಮೊದಲೆಲ್ಲ ಅಮ್ಮನೇ ಮಾಡುತ್ತಿದ್ದರು. ಬಲಗಡೆ ಭುಜ ಹಿಡಿದುಕೊಂಡ ಮೇಲೆ ಕೋಲು ತಿರುಗಿಸಲು ಅವರಿಗೆ ಆಗುತ್ತಿಲ್ಲ. ಹೆಂಡತಿ ಡ್ಯೂಟಿ ಮುಗಿಸಿ ಬರುವುದು ಎಂಟೂವರೆ. ನಾನು ಏಳಕ್ಕೆಲ್ಲ ಮನೆಯಲ್ಲಿರುತ್ತೇನೆ, ಅಡುಗೆ ನನ್ನ ಪಾಲಿಗೆ ಬಂತು. ಆಫೀಸಿನಿಂದ ಬಂದು, ಒಂದು ಒಲೆಯಲ್ಲಿ ಕಾಳು ಬೇಯಿಸಿ, ಇನ್ನೊಂದರಲ್ಲಿ ಎಸರಿಟ್ಟು, ಹಿಟ್ಟು ಬೇಯುವ ತನಕ ಕಾದು, ಪಾತ್ರೆ ಅಲುಗದ ಹಾಗೆ ಕಾಲಲ್ಲಿ ಕವೆಗೋಲು ಒತ್ತಿ ಹಿಡಿದು ತೊಳಸುವಷ್ಟರಲ್ಲಿ ಒಂಬತ್ತೂವರೆ ಆಗಿಬಿಡುತ್ತಿತ್ತು. ಮಗ ಅಷ್ಟೊತ್ತಿಗೆ ಬಿಸ್ಕೆಟ್ ತಿಂದು ಮಲಗಿರುತ್ತಿದ್ದ.

ಸ್ವಲ್ಪ ದಿನ ಹೊರಗಿಂದ ತರಿಸಿದೆವು. ಒಂದು ಮುದ್ದೆ ಊಟಕ್ಕೆ ನೂರಿಪ್ಪತ್ತೋ ನೂರಮೂವತ್ತೋ, ಐದು ಜನಕ್ಕೆ ಆರುನೂರು ದಾಟುತ್ತಿತ್ತು. ಬರುವಷ್ಟರಲ್ಲಿ ಮುದ್ದೆ ಮೇಲೆ ತೊಗಲು ಕಟ್ಟಿರುತ್ತಿತ್ತು. ಆಮೇಲೆ ಮುದ್ದೆ ಮಾಡುವ ಕರೆಂಟಿನ ಮಷಿನ್ ಒಂದನ್ನು ತಂದೆ, ನಾಲ್ಕು ಸಾವಿರದ ಮೇಲಾಯಿತು. ಮುದ್ದೆ ಏನೋ ಚೆನ್ನಾಗೇ ಬರುತ್ತಿತ್ತು, ಆದರೆ ಒಂದು ಸಲಕ್ಕೆ ಮೂರೇ. ಎರಡು ಸುತ್ತು ಮಾಡಬೇಕು, ಮಾಡಿದ ಮೇಲೆ ರೆಕ್ಕೆಯ ಸಂದಿಯಲ್ಲಿ ಅಂಟಿದ ಹಿಟ್ಟು ತೆಗೆಯೋಕೆ ಇನ್ನೊಂದು ಕಾಲು ಗಂಟೆ. ಅದು ಈಗ ಅಟ್ಟದ ಮೇಲಿದೆ. ನಾನ್‌ಸ್ಟಿಕ್ ಪಾತ್ರೆಯೂ ತಂದು ನೋಡಿದೆ. ಮರದ ಕೋಲಿನಲ್ಲೇ ತೊಳಸಿದರೂ ತಿಂಗಳೊಪ್ಪತ್ತಿನಲ್ಲಿ ತಳದ ಕಪ್ಪು ಕಿತ್ತು ಬಂತು, ಸಾವಿರದಿನ್ನೂರು ನೀರುಪಾಲು. ಇಷ್ಟೆಲ್ಲ ಆದ ಮೇಲೆ ಕಣ್ಣು ಬಿದ್ದಿದ್ದು ಮನೆಯಲ್ಲಿದ್ದ ಏಳೂವರೆ ಲೀಟರ್ ಕುಕ್ಕರಿನ ಮೇಲೆ.

ಮೊದಲು ನೇರ ಕುಕ್ಕರಿಗೇ ನೀರು, ಹಿಟ್ಟು ಹಾಕಿ ಮುಚ್ಚಿದೆ. ಅದು ಬೇಡವೇ ಬೇಡ. ಅಂಬಲಿ ಉಕ್ಕಿ ವಿಷಲ್ ತೂತಿಗೆ ಬಂದು ಕೂತಿತ್ತು. ತೂತು ಕಟ್ಟಿಕೊಂಡರೆ ಅಪಾಯ, ತಮಾಷೆಯಲ್ಲ. ತಳವೂ ಸೀದಿತ್ತು. "ನಾ ಹೇಳ್ಲಿಲ್ವೇನೋ, ಮುದ್ದೆಗೆ ಕೋಲೇ ಬೇಕು ಕಣೋ" ಅಂದರು ಅಮ್ಮ.

ಅಲ್ಲಿಂದ ಬದಲಾಯಿಸಿದ್ದು ಇಷ್ಟೇ. ಹಿಟ್ಟು ಕುಕ್ಕರಿನೊಳಗೆ ಬೇರೆ ಪಾತ್ರೆಯಲ್ಲಿ ಬೇಯಬೇಕು, ಹಬೆಯಲ್ಲಿ. ಪಾತ್ರೆ ಹೇಗೂ ಮೇಲೆ ಕೂರುತ್ತೆ, ಅಡಿಯಲ್ಲಿ ನೀರು ಸುಮ್ನೆ ಯಾಕೆ ಕುದಿಯಬೇಕು, ಕಾಳು ಹಾಕಿದರಾಯಿತು ಅಲ್ವಾ? ಮುದ್ದೆಗೂ, ಕಾಳು ಬೆಂದ ನೀರನ್ನು ಬಸಿದು ಮಾಡುವ ಬಸ್ಸಾರಿಗೂ ಒಂದೇ ಒಲೆ ಸಾಕಾಯಿತು.

ಆದರೂ ಸರಿಯಾಗಿ ಕೂತುಕೊಳ್ಳಲು ಸುಮಾರು ದಿನ ಹಿಡಿಯಿತು. ಮೊದಲ ತೊಂದರೆ ನೀರು. ತೆರೆದ ಪಾತ್ರೆಯಲ್ಲಿ ಒಂದು ಲೋಟ ಹಿಟ್ಟಿಗೆ ಎರಡು ಲೋಟ, ಹಳೇ ರಾಗಿಯಾದರೆ ಇನ್ನೊಂಚೂರು ಜಾಸ್ತಿ. ಅದೇ ಅಳತೆ ಕುಕ್ಕರಿಗೆ ಹಾಕಿದರೆ ಕೈಗೆ ಅಂಟುವ ಗಂಜಿಯಂಥ ಸರಿ ಆಗುತ್ತಿತ್ತು, ಉಂಡೆ ಕಟ್ಟಲು ಬರುತ್ತಿರಲಿಲ್ಲ. ಮುಚ್ಚಿದ ಪಾತ್ರೆಯಲ್ಲಿ ನೀರು ಆವಿಯಾಗಿ ಹೋಗುವುದೇ ಇಲ್ಲ, ಹಾಕಿದ್ದಷ್ಟೂ ಹಿಟ್ಟಿನಲ್ಲೇ ಉಳಿಯುತ್ತೆ. ಈಗ ನನ್ನ ಲೆಕ್ಕ ನಾಲ್ಕು ಲೋಟ ಹಿಟ್ಟಿಗೆ ಏಳು ಲೋಟ ನೀರು. ಐದು ಜನಕ್ಕೆ ಐದು ದೊಡ್ಡ ಮುದ್ದೆ, ಮೇಲೆ ಮಗನಿಗೆ ಕಿತ್ತು ತಿನ್ನೋಕೆ ಒಂದು ಚಿಕ್ಕದು.

ಎರಡನೇ ತೊಂದರೆ, ಮೇಲೆ ಉಳಿಯುತ್ತಿದ್ದ ಒಣಹಿಟ್ಟು. ಗುಡ್ಡೆ ಹಾಕಿದ ಹಿಟ್ಟಿನ ಅಡಿಭಾಗ ಬೆಂದಿರುತ್ತಿತ್ತು, ನೆತ್ತಿ ಪುಡಿಪುಡಿ. ತೊಳಸಿದರೆ ಗಂಟು ಗಂಟು. ಮುದ್ದೆ ಮುರಿದರೆ ಒಳಗೆ ಬಿಳಿ ಚುಕ್ಕೆ ಕಾಣುತ್ತಿತ್ತು, ಹಸಿ ವಾಸನೆ ಬೇರೆ. ಅಪ್ಪ ಮಾತಾಡದೆ ತಟ್ಟೆ ಪಕ್ಕಕ್ಕೆ ಸರಿಸಿದರು. ಅದಕ್ಕಿಂತ ದೊಡ್ಡ ದೂರು ನಮ್ಮನೆಯಲ್ಲಿಲ್ಲ.

ಈಗ ಮಾಡುವುದು ಹೀಗೆ. ಬೆಳಿಗ್ಗೆ ಹೋಗುವಾಗ ಹೆಸರುಕಾಳು ನೆನೆಹಾಕಿ ಹೋಗುತ್ತೇನೆ, ಒಂದೂವರೆ ಲೋಟ. ಸಂಜೆ ಕುಕ್ಕರಿನ ತಳಕ್ಕೆ ಕಾಳು, ಐದಾರು ಲೋಟ ನೀರು, ಚಿಟಿಕೆ ಅರಿಶಿನ, ಒಂದು ಹನಿ ಎಣ್ಣೆ, ಮೇಲೆ ಒಂದು ಸ್ಟ್ಯಾಂಡ್. ಇತ್ತ ಮೂರು ಲೀಟರಿನ ಸ್ಟೀಲ್ ಪಾತ್ರೆಯಲ್ಲಿ ಆರು ಲೋಟ ನೀರಿಗೆ ಉಪ್ಪು, ಅರ್ಧ ಚಮಚ ತುಪ್ಪ ಹಾಕಿ ಕುದಿಯಲು ಇಡುತ್ತೇನೆ. ಉಳಿದ ಒಂದು ಲೋಟ ತಣ್ಣೀರಿಗೆ ನಾಲ್ಕು ಚಮಚ ಹಿಟ್ಟು ಕಲಸಿ ಕುದಿಯುವ ಎಸರಿಗೆ ಸುರಿದರೆ ಎರಡು ನಿಮಿಷಕ್ಕೆ ಅಂಬಲಿ ಥರ ಗಟ್ಟಿಯಾಗಿ ಪಟಪಟ ಅನ್ನುತ್ತೆ. ಒಲೆ ಆರಿಸಿ, ಮಿಕ್ಕ ಹಿಟ್ಟನ್ನೆಲ್ಲ ನಡುವೆ ಗುಡ್ಡೆ ಸುರಿಯುತ್ತೇನೆ. ಕಲಕಬಾರದು. ಕೋಲಿನ ತುದಿಯಿಂದ ತಳ ಮುಟ್ಟುವ ಹಾಗೆ ನಾಲ್ಕೈದು ಕಡೆ ತೂತು ಮಾಡಬೇಕು. ತೂತಿನಲ್ಲಿ ಅಂಬಲಿ ಮೇಲೆ ಉಕ್ಕಿ ಬಂದು ಗುಡ್ಡೆಯ ನೆತ್ತಿ ಒದ್ದೆಯಾಗುವುದು ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಇನ್ನೆರಡು ತೂತು. ಒಣಹಿಟ್ಟಿನ ಕಾಟ ತಪ್ಪಿದ್ದು ಇದರಿಂದಲೇ.

ಪಾತ್ರೆಗೆ ಬಿಗಿ ಮುಚ್ಚಳ ಹಾಕಿ ಸ್ಟ್ಯಾಂಡಿನ ಮೇಲಿಟ್ಟು ಕುಕ್ಕರ್ ಮುಚ್ಚಿ, ಎರಡು ವಿಷಲ್, ಆಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ. ಮುಚ್ಚಳ ಸಡಿಲವಿದ್ದರೆ ಮೇಲಿನ ಹಬೆ ನೀರಾಗಿ ಹಿಟ್ಟಿಗೆ ಸುರಿಯುತ್ತೆ. ಮುಚ್ಚಳದ ಕೆಳಗೆ ನಾನು ಇನ್ನೊಂದು ವಸ್ತು ಇಡುತ್ತೇನೆ, ಅದನ್ನು ಇಲ್ಲಿ ಬರೆಯಲ್ಲ. ಕೈಯಿಟ್ಟು ಮಾಡಿದರೆ ನಿಮಗೇ ಹೊಳೆಯುತ್ತೆ.

ಪ್ರೆಷರ್ ತಾನಾಗಿ ಇಳಿಯಲು ಹತ್ತು ನಿಮಿಷ ಬಿಡಲೇಬೇಕು. ಅವಸರಕ್ಕೆ ವಿಷಲ್ ಎತ್ತಿದರೆ ಹಿಟ್ಟಿನ ನಡುಭಾಗ ಪೂರ್ತಿ ಬೆಂದಿರಲ್ಲ. ಆ ಹತ್ತು ನಿಮಿಷದಲ್ಲಿ ಮಸಾಲೆ ಆಗಿಬಿಡುತ್ತೆ. ಒಂದು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಜೀರಿಗೆ, ಹತ್ತು ಹನ್ನೆರಡು ಮೆಣಸಿನಕಾಳು ಹುರಿದು, ಕಾಲು ಹೋಳು ತೆಂಗಿನಕಾಯಿ ತುರಿ, ಮನೆ ಸಾರಿನ ಪುಡಿ ಎರಡು ಚಮಚ, ನಿಂಬೆ ಗಾತ್ರಕ್ಕಿಂತ ಕಮ್ಮಿ ಹುಣಸೆಹಣ್ಣು.

ಕುಕ್ಕರ್ ತೆಗೆದ ಕೂಡಲೇ ಮೊದಲ ಕೆಲಸ ಮುದ್ದೆಯದು, ಆರಿದರೆ ಕೆಟ್ಟಿತು. ಒದ್ದೆ ಬಟ್ಟೆಯನ್ನು ಮಡಿಸಿ ನೆಲದ ಮೇಲೆ ಹಾಸಿ ಪಾತ್ರೆ ಇಟ್ಟರೆ ಜಾರಲ್ಲ, ಕವೆಗೋಲೂ ಬೇಡ. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಕೋಲು. ಹಿಟ್ಟು ಆಗಲೇ ಪೂರ್ತಿ ಬೆಂದಿರುವುದರಿಂದ ಎರಡು ನಿಮಿಷ ತೊಳಸಿದರೆ ಸಾಕು, ಬಣ್ಣ ತಿರುಗಿ ಮಿರಿಮಿರಿ ಅನ್ನುತ್ತೆ. ಅಮ್ಮ ಎಡಗೈಯಲ್ಲೇ ತೊಳಸಿ ನೋಡಿದರು, ಆಯಿತು. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು. ಅಂಟಿದರೆ ಒಲೆ ಮೇಲೆ ಸಣ್ಣ ಉರಿಯಲ್ಲಿ ಎರಡು ನಿಮಿಷ ತಿರುವಿ. ಕೈ ಒದ್ದೆ ಮಾಡಿಕೊಂಡು ತಟ್ಟೆ ಮೇಲೆ ಉರುಳಿಸಿ ಕಟ್ಟಿ, ಹಾಟ್‌ಬಾಕ್ಸಿಗೆ.

ತಳದಲ್ಲಿ ಬೆಂದ ಕಾಳಿದೆ, ಕಟ್ಟೂ ಇದೆ, ಅಂದರೆ ಕಾಳು ಬೆಂದ ನೀರು. ಅದೇ ಬಿಸಿ ಕುಕ್ಕರಿಗೆ ಹೆಚ್ಚಿದ ಸೊಪ್ಪು ಹಾಕಿ ಐದು ನಿಮಿಷ ತೆರೆದೇ ಕುದಿಸುತ್ತೇನೆ. ಸೊಪ್ಪನ್ನು ಕಾಳಿನ ಜೊತೆಗೇ ವಿಷಲ್ ಕೂಗಿಸಿದರೆ ಕೆಸರಾಗುತ್ತೆ, ಪಲ್ಯಕ್ಕೆ ಆಗಿಬರಲ್ಲ. ದಂಟಿನ ಸೊಪ್ಪು, ಸಬ್ಬಸಿಗೆ ಎರಡೂ ಸೇರಿದ್ದು ನನಗಿಷ್ಟ. ಆಮೇಲೆ ಬಸಿಯೋದು. ಬೆಂದ ಕಾಳುಸೊಪ್ಪಿನಲ್ಲಿ ಎರಡು ಸೌಟು ತೆಗೆದು ಮಸಾಲೆ ಜೊತೆ ರುಬ್ಬಿ ಕಟ್ಟಿಗೆ ಸೇರಿಸಿ ಕುದಿಸಿದರೆ ಬಸ್ಸಾರು, ಉಳಿದಿದ್ದಕ್ಕೆ ಒಗ್ಗರಣೆ, ಕಾಯಿತುರಿ ಹಾಕಿದರೆ ಪಲ್ಯ. ಕುಕ್ಕರ್ ಒಲೆಗೇರಿಸಿದ ಮೇಲೆ ಎಲ್ಲ ಸೇರಿ ಐವತ್ತು ನಿಮಿಷ ಇರಬಹುದು. ಹೆಂಡತಿ ಬರುವಷ್ಟರಲ್ಲಿ ತಟ್ಟೆ ಹಾಕಿರುತ್ತೇನೆ.

ಹುರುಳಿಕಾಳಿಗೆ ಈ ಲೆಕ್ಕ ನಡೆಯಲ್ಲ. ರಾತ್ರಿಯೇ ನೆನೆಸಿದ್ದರೂ ಎರಡು ವಿಷಲ್‌ಗೆ ಬೇಯಲ್ಲ, ನಾಲ್ಕೈದು ಬೇಕು. ಅಷ್ಟು ಕೂಗಿಸಿದರೆ ಮೇಲಿನ ಹಿಟ್ಟಿಗೇನೂ ತೊಂದರೆಯಿಲ್ಲ, ಇನ್ನೂ ನುಣುಪಾಗೇ ಬರುತ್ತೆ, ಹೊತ್ತು ಮಾತ್ರ ಹಿಡಿಯುತ್ತೆ. ಅವರೆಕಾಯಿ ಕಾಲದಲ್ಲಿ, ಅಂದರೆ ಡಿಸೆಂಬರ್ ಜನವರಿಯಲ್ಲಿ, ಹಸಿ ಅವರೆಕಾಳು ಒಂದೇ ವಿಷಲ್‌ಗೆ ಬೆಂದುಬಿಡುತ್ತೆ. ಆಗ ಕಾಳನ್ನು ಹೊರಗೇ ಬೇಯಿಸಿ, ಕುಕ್ಕರಿನ ತಳಕ್ಕೆ ಬರೀ ನೀರು ಹಾಕುವುದು ವಾಸಿ.

ಹಿಟ್ಟಿನ ವಿಷಯ ಹೇಳಲೇಬೇಕು, ಯಾಕೆಂದರೆ ಎಷ್ಟೋ ಜನ ಇಲ್ಲೇ ಮುಗ್ಗರಿಸುತ್ತಾರೆ. ಪೌಷ್ಟಿಕ ಅಂತ ಮೊಳಕೆ ಕಟ್ಟಿದ ರಾಗಿ ಹಿಟ್ಟಲ್ಲಿ ಮುದ್ದೆ ಮಾಡಿ ನೋಡಿದೆ. ಎಷ್ಟು ಹಿಟ್ಟು ಸುರಿದರೂ ನೀರು ನೀರು, ಜಿಗುಟು ಜಿಗುಟು. ಮೊಳಕೆ ಬರುವಾಗ ಕಾಳಿನಲ್ಲಿ ಅಮೈಲೇಸ್ ಅನ್ನುವ ಕಿಣ್ವ ಹುಟ್ಟಿಕೊಳ್ಳುತ್ತೆ, ಬಿಸಿನೀರು ಬಿದ್ದಾಗ ಅದು ಪಿಷ್ಟವನ್ನು ಒಡೆದು ತೆಳ್ಳಗೆ ಮಾಡುತ್ತೆ. ಮಗುವಿನ ಸರಿಗೆ, ಮಾಲ್ಟಿಗೆ ಅದು ಒಳ್ಳೆಯದೇ, ಮುದ್ದೆಗೆ ಸಲ್ಲ. ಹೊಸ ರಾಗಿಯೂ ಸ್ವಲ್ಪ ಜಿಗುಟು, ಕೊಯ್ಲಾದ ಮೇಲೆ ಕೆಲವು ತಿಂಗಳು ಇಟ್ಟ ರಾಗಿ ವಾಸಿ. ಹೊಸದೇ ಇದ್ದರೆ ನೀರನ್ನು ಅರ್ಧ ಲೋಟ ಇಳಿಸಿ.

ಊರ ಕಡೆ ಜಿಪಿಯು-28, ಎಂಎಲ್-365 ಎರಡೂ ರಾಗಿ ತಳಿ ಬೆಳೆಯುತ್ತಾರೆ, ಮುದ್ದೆಯಲ್ಲಿ ನನಗೆ ಅಂಥ ವ್ಯತ್ಯಾಸ ಕಂಡಿಲ್ಲ. ಚಿಕ್ಕಪ್ಪನ ಹತ್ತಿರ ಐವತ್ತು ಕೆಜಿ ಚೀಲ ತರುತ್ತೇನೆ. 2024-25ರಲ್ಲಿ ರಾಗಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ ಇತ್ತು, ಆಗ ಹೆಚ್ಚುಕಮ್ಮಿ ಅದೇ ರೇಟ್ ಕೊಟ್ಟೆ, ಸಂಬಂಧ ಅಂತ ಕಮ್ಮಿ ಕೇಳಲ್ಲ. ಮಿಲ್ಲಿನವರಿಗೆ ಕೆಜಿಗೆ ಐದಾರು ರೂಪಾಯಿ, ತೊಳೆದು ಒಣಗಿಸುವುದು ಅಪ್ಪನ ಕೆಲಸ. ಎಲ್ಲ ಸೇರಿ ಆಗ ಕೆಜಿಗೆ ಐವತ್ತರ ಒಳಗೇ ಬಿತ್ತು. ಅಂಗಡಿಯ ಪ್ಯಾಕೆಟ್ ಹಿಟ್ಟು ಅರವತ್ತೈದು ಎಪ್ಪತ್ತು ಇತ್ತು. ನಮಗೆ ತಿಂಗಳಿಗೆ ಹತ್ತು ಹನ್ನೆರಡು ಕೆಜಿ ಹೋಗುತ್ತೆ, ಅಂದರೆ ಆಗ ಇನ್ನೂರು ರೂಪಾಯಿ ಅಂದಾಜು ಉಳಿತಾಯ. ದೊಡ್ಡ ಮೊತ್ತವೇನಲ್ಲ, ಆದರೆ ಹಿಟ್ಟಿನ ಘಮವೇ ಬೇರೆ. ಬೀಸಿಸಿ ತಂದ ಬಿಸಿ ಹಿಟ್ಟನ್ನು ಹಾಗೇ ಡಬ್ಬಕ್ಕೆ ತುಂಬಬೇಡಿ, ರಾತ್ರಿಯಿಡೀ ಹರಡಿ ಆರಿಸಿ. ಇಲ್ಲದಿದ್ದರೆ ಮುಗ್ಗಲು ಹಿಡಿಯುತ್ತೆ. ಗ್ಯಾಸಿನಲ್ಲಿ ಉಳಿದಿದ್ದು ಜಾಸ್ತಿ. ತಿಂಗಳೇ ಬರುತ್ತಿರಲಿಲ್ಲ ಸಿಲಿಂಡರ್, ಈಗ ತಿಂಗಳಾದ ಮೇಲೂ ಒಂದು ವಾರ ಎಳೆಯುತ್ತೆ. ಹೊರಗಿನ ಊಟ ನಿಂತಿದ್ದನ್ನು ಲೆಕ್ಕ ಹಾಕಿದರೆ ಮಷಿನಿನ ದುಡ್ಡು ಯಾವತ್ತೋ ವಾಪಸ್ ಬಂತು.

ಪ್ರಯೋಗ ಇನ್ನೂ ಮಾಡಿದ್ದೇನೆ. ಎಸರಿನಲ್ಲಿ ಎರಡು ಹಿಡಿ ಅಕ್ಕಿ ನುಚ್ಚು ಮೊದಲು ಬೇಯಿಸಿಕೊಂಡು ಆಮೇಲೆ ರಾಗಿ ಹಿಟ್ಟು ಹಾಕಿದರೆ ಮೆತ್ತಗಿರುತ್ತೆ, ಹಳ್ಳಿಯಲ್ಲಿ ಮಾಡುವುದೇ. ಅದೂ ಕುಕ್ಕರಿನಲ್ಲಿ ಚೆನ್ನಾಗಿ ಬಂತು. ಮುದ್ದೆ ನುಂಗಲು ಬಾರದ ಮಕ್ಕಳಿಗೆ ಇದರಿಂದಲೇ ಶುರುಮಾಡಿಸಿ. ಜೋಳದ ಹಿಟ್ಟು ಅರ್ಧಕ್ಕರ್ಧ ಬೆರೆಸಿದ್ದು ಬಿರುಕು ಬಿಟ್ಟಿತು, ಗಂಟಲಲ್ಲಿ ಇಳಿಯಲಿಲ್ಲ. ಓಟ್ಸ್ ಪುಡಿ ಸೇರಿಸಿದ್ದನ್ನು ಅಪ್ಪ ಮುಟ್ಟಲೇ ಇಲ್ಲ. ಅನ್ನ ಮಾಡುವ ಕರೆಂಟ್ ಕುಕ್ಕರಿನಲ್ಲೂ ಆಗುತ್ತೆ, ಅರ್ಧ ಗಂಟೆ ಮೇಲೆ ಬೇಕು, ಗ್ಯಾಸ್ ಇಲ್ಲದ ದಿನಕ್ಕೆ ಪರವಾಗಿಲ್ಲ. ಬಸ್ಸಾರಿಗೆ ಕೊನೆಯಲ್ಲಿ ಒಂದು ಚಮಚ ಏನೋ ಹಾಕುತ್ತೇನೆ. ಅದಕ್ಕೇ ಮಾರನೇ ದಿನದ ಬಸ್ಸಾರಿಗೆ ಮನೆಯಲ್ಲಿ ಜಗಳ. ಅತ್ತಿಗೆ ಎಷ್ಟು ಕೇಳಿದರೂ ಹೇಳಿಲ್ಲ, ಇಲ್ಲೂ ಹೇಳಲ್ಲ.

ಏಳೂವರೆ ಲೀಟರ್ ಕುಕ್ಕರಿಗೆ ಆರು ಮುದ್ದೆಯೇ ಮಿತಿ. ಪಾತ್ರೆ ಮುಕ್ಕಾಲಿಗಿಂತ ಜಾಸ್ತಿ ತುಂಬಿದರೆ ಹಿಟ್ಟು ಮುಚ್ಚಳಕ್ಕೆ ಮೆತ್ತಿಕೊಳ್ಳುತ್ತೆ. ನೆಂಟರು ಹತ್ತು ಜನ ಬಂದ ದಿನ ಹಳೇ ದಬರಿ, ಹಳೇ ಕೋಲು, ತೊಳಸೋಕೆ ಭಾವ. ಮಿಕ್ಕಿದ ಮುದ್ದೆಯನ್ನು ರಾತ್ರಿ ನೀರಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಮಜ್ಜಿಗೆಗೆ ಕಿವುಚಿ, ಹಸಿ ಈರುಳ್ಳಿ ಹೆಚ್ಚಿ ಹಾಕಿದರೆ ತಿಂಡಿ ಆಯಿತು. ಕುಕ್ಕರ್ ಮುದ್ದೆಯಲ್ಲಿ ನೀರಿನಂಶ ಚೆನ್ನಾಗಿರುವುದರಿಂದ ಬೆಳಿಗ್ಗೆಗೂ ಗಟ್ಟಿಯಾಗಿರಲ್ಲ, ಬೆರಳಲ್ಲೇ ಕರಗುತ್ತೆ.