ರೇಸಿಗಿಂತ ಮೊದಲು ಬ್ರೆವೆ

ಸೈಕಲ್ ಸ್ಪರ್ಧೆಗೆ ಇಳಿಯಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ರೇಸಿಗೆ ಹೆಸರು ಕೊಡುವ ಮೊದಲು 200 ಕಿ.ಮೀ. ಬ್ರೆವೆ, ಅಂದರೆ ನಿಗದಿತ ಅವಧಿಯೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಮುಗಿಸಿ. ನಾನು ಹಿಡಿದ ದಾರಿಯೂ ಅದೇ. ಬ್ರೆವೆಯಲ್ಲಿ ಮೊದಲ ಸ್ಥಾನ, ಕೊನೆಯ ಸ್ಥಾನ ಎಂಬುದಿಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಅವಧಿ. ಅಷ್ಟರೊಳಗೆ ಬಂದವರೆಲ್ಲ ಸಮ. ಪ್ಯಾರಿಸ್ಸಿನ ಓಡಾಕ್ಸ್ ಕ್ಲಬ್ ಹಾಕಿಕೊಟ್ಟ ನಿಯಮಗಳೇ ನಮ್ಮಲ್ಲೂ ನಡೆಯುತ್ತವೆ. ನೀರು, ಊಟ, ಪಂಕ್ಚರ್ ಎಲ್ಲವೂ ಸವಾರನದೇ ಹೊಣೆ. ದಾರಿಯುದ್ದಕ್ಕೂ ಕಾರಿನಲ್ಲಿ ಹಿಂಬಾಲಿಸಿ ಯಾರೂ ನೆರವಾಗುವಂತಿಲ್ಲ.

ಗಡಿಯಾರ ನಿಲ್ಲುವುದಿಲ್ಲ ಎಂಬುದನ್ನು ಹೊಸಬರು ಸರಿಯಾಗಿ ಗ್ರಹಿಸಬೇಕು. ಚಹಾ ಕುಡಿದ ಹೊತ್ತೂ ಆ ಹದಿಮೂರೂವರೆ ಗಂಟೆಯೊಳಗೇ ಸೇರುತ್ತದೆ. ತುಳಿಯುವಾಗ ಗಂಟೆಗೆ 20 ಕಿ.ಮೀ. ವೇಗವಿದ್ದರೆ ಹತ್ತು ಗಂಟೆ ಸವಾರಿಗೆ ಹೋಗುತ್ತದೆ, ಮೂರೂವರೆ ಗಂಟೆ ಕೈಯಲ್ಲಿ ಉಳಿಯುತ್ತದೆ. ಏರಿಳಿತದಲ್ಲಿ ವೇಗ 18ಕ್ಕೆ ಇಳಿದರೆ ಉಳಿಯುವುದು ಸುಮಾರು ಎರಡು ಗಂಟೆ ಇಪ್ಪತ್ತು ನಿಮಿಷ ಮಾತ್ರ. ಈ ಲೆಕ್ಕ ತಲೆಯಲ್ಲಿದ್ದರೆ ಹೋಟೆಲಿನ ಬೆಂಚಿನ ಮೇಲೆ ಮೈಮರೆತು ಕೂರುವುದಿಲ್ಲ.

ತಾಲೀಮಿಗೆ ನಮಗೆ ಜೋಗದ ರಸ್ತೆಯೇ ಇದೆ. ಶಿವಮೊಗ್ಗದಿಂದ ಆಯನೂರು, ಆನಂದಪುರ, ಸಾಗರ, ತಾಳಗುಪ್ಪ ದಾಟಿ ಜೋಗ ಮುಟ್ಟಿ ಮರಳಿದರೆ ಸುಮಾರು 200 ಕಿ.ಮೀ. ಆಗುತ್ತದೆ. ಘಾಟಿ ಹತ್ತುವ ಕಷ್ಟವಿಲ್ಲ, ಆದರೆ ಸಣ್ಣ ಏರುಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಏರಿನ ಬುಡದಲ್ಲೇ ಹಗುರ ಗೇರಿಗೆ ಬಂದುಬಿಡುವುದು ನನ್ನ ಪದ್ಧತಿ. ಅರ್ಧ ಏರಿದ ಮೇಲೆ ಭಾರ ಬಿದ್ದ ಚೈನಿನ ಮೇಲೆ ಗೇರು ಬದಲಿಸಿದರೆ ಅದು ಕರಕರ ಎನ್ನುತ್ತದೆ, ಕಾಲಿನ ಲಯವೂ ಕೆಡುತ್ತದೆ. ಮೊದಲು ಸಾಗರದವರೆಗೆ ಹೋಗಿ ಬಸ್ಸಿನಲ್ಲಿ ಸೈಕಲ್ ಹಾಕಿಕೊಂಡು ಬಂದೆ, ಆಮೇಲೆ ಸಾಗರಕ್ಕೆ ಹೋಗಿ ತುಳಿದುಕೊಂಡೇ ಮರಳಿದೆ, ಕೊನೆಗೆ ಜೋಗ. ಅಂಗಿಯ ಬೆನ್ನುಜೇಬಿನಲ್ಲಿ ಬಾಳೆಹಣ್ಣು, ಕಡಲೆ ಚಿಕ್ಕಿ. ಒಂದು ಬಾಟಲಿಯಲ್ಲಿ ಬರೀ ನೀರು, ಇನ್ನೊಂದರಲ್ಲಿ ಉಪ್ಪು, ಬೆಲ್ಲ ಹಾಕಿದ ನಿಂಬೆ ಪಾನಕ. ಹಸಿವಾಗುವವರೆಗೆ ಕಾಯದೆ ಸ್ವಲ್ಪಸ್ವಲ್ಪವಾಗಿ ತಿನ್ನುತ್ತಲೇ ಇರಬೇಕು.

ಬ್ರೆವೆಯ ದಿನ ಕೈಗೊಂದು ಕಾರ್ಡು ಕೊಡುತ್ತಾರೆ. ಗೊತ್ತುಪಡಿಸಿದ ಜಾಗಗಳಲ್ಲಿ, ನಿಗದಿತ ಅವಧಿಯೊಳಗೆ, ಅದರಲ್ಲಿ ಗುರುತು ಹಾಕಿಸಿಕೊಳ್ಳಬೇಕು. ನನ್ನ ಕಾರ್ಡಿನ ಮೇಲೆ ಹೊತ್ತು ಬರೆದು ಸಹಿ ಹಾಕಿದ ಅಂಗಡಿಯವರು, "ಗೆದ್ದರೆ ಎಷ್ಟು ಕೊಡುತ್ತಾರೆ ಸ್ವಾಮಿ?" ಎಂದು ಕೇಳಿದರು. ಬಹುಮಾನವೇ ಇಲ್ಲವೆಂದಾಗ ಅವರು ಸೈಕಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಬಾಟಲಿಗೆ ಕೊಡದಿಂದ ನೀರು ತುಂಬಿಸಿ ಕೊಟ್ಟರು.

ಎಲ್ಲರಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಗೆಲ್ಲುವ ಟೈಮ್ ಟ್ರಯಲ್ ಬೇರೆಯೇ ಬಗೆ. ನಿಗದಿತ ಅಂತರದಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ, ಇನ್ನೊಬ್ಬರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತಿಲ್ಲ. ಮೊದಲ ಐದು ನಿಮಿಷ ಕಾಲನ್ನು ಹಿಡಿತದಲ್ಲಿಡುವುದೇ ಇದರ ವಿದ್ಯೆ. ಗಾಜನೂರಿನ ರಸ್ತೆಯಲ್ಲಿ ವಾಹನ ಹೆಚ್ಚುವ ಮುನ್ನ, ಒಂದೇ ದೂರವನ್ನು ಮತ್ತೆ ಮತ್ತೆ ತುಳಿದು ಇದನ್ನು ರೂಢಿ ಮಾಡಿಕೊಂಡೆ. ಸ್ಪರ್ಧೆಯ ರುಚಿ ನೋಡಬೇಕೆನ್ನುವವರಿಗೆ ಬ್ರೆವೆಯ ಮುಂದಿನ ಮೆಟ್ಟಿಲು ಇದು.

ಎಲ್ಲರೂ ಒಟ್ಟಿಗೆ ಹೊರಡುವ ರೋಡ್ ರೇಸಿಗೆ ನಾನು ಅವಸರಪಡಲಿಲ್ಲ, ನೀವೂ ಪಡಬೇಡಿ. ಗುಂಪಿನಲ್ಲಿ ಹಿಂದಿರುವವನಿಗೆ ಗಾಳಿಯ ತಡೆ ಬಹಳ ಕಡಿಮೆ, ಆದ್ದರಿಂದ ಎಲ್ಲರೂ ಒತ್ತಾಗಿಯೇ ಸಾಗುತ್ತಾರೆ. ಮುಂದಿನವನ ಹಿಂಚಕ್ರದ ಪಕ್ಕಕ್ಕೆ ನಿಮ್ಮ ಮುಂಚಕ್ರ ನುಗ್ಗಿದ್ದು, ಅವನು ಗುಂಡಿ ತಪ್ಪಿಸಲು ಒಂದು ಗೇಣು ಸರಿದರೂ ಸಾಕು, ಬೀಳುವವರು ನೀವು. ನಿಮ್ಮ ಹಿಂದಿನವರೂ ನಿಮ್ಮ ಮೇಲೆಯೇ. ಅದಕ್ಕೇ ನಾವು ಗೆಳೆಯರು ಮೊದಲು ಇಬ್ಬಿಬ್ಬರಾಗಿ, ಆಮೇಲೆ ನಾಲ್ವರಾಗಿ ಅಭ್ಯಾಸ ಮಾಡಿದೆವು. ಕಣ್ಣು ಮುಂದಿನವನ ಚಕ್ರದ ಮೇಲಲ್ಲ, ಅವನ ಭುಜದಾಚೆಯ ರಸ್ತೆಯ ಮೇಲಿರಬೇಕು. ಗುಂಡಿ ಕಂಡರೆ ಕೈ ತೋರಿಸಿ, ಕೂಗಿಯೂ ಹೇಳಬೇಕು. ಕಾರಣವಿಲ್ಲದೆ ಬ್ರೇಕ್ ಹಿಡಿಯಬಾರದು.

ಇಳಿಜಾರಿನ ಪಾಠಕ್ಕೆ ಆಗುಂಬೆ ಘಾಟಿ ಇದೆ, ಆದರೆ ಅಲ್ಲಿ ಪಂದ್ಯ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಇಕ್ಕಟ್ಟಾದ ತಿರುವಿನಲ್ಲಿ ಎದುರಿಗೆ ಬಸ್ಸು ಬಂದರೆ ಸರಿಯಲು ಜಾಗವಿರುವುದಿಲ್ಲ. ತಿರುವಿಗೆ ಮೊದಲೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಬೇಕು, ಹೊರಬದಿಯ ಪೆಡಲನ್ನು ಕೆಳಗೆ ಒತ್ತಿ ತಿರುಗಬೇಕು. ಮಳೆಗಾಲದಲ್ಲಿ ರಿಮ್ ಒದ್ದೆಯಾಗಿ ಬ್ರೇಕ್ ತಡವಾಗಿ ಹಿಡಿಯುತ್ತದೆ. ಆ ತಿಂಗಳುಗಳಲ್ಲಿ ನಾನು ಘಾಟಿಗೆ ಹೋಗುವುದೇ ಇಲ್ಲ.

ಕಾಡುದಾರಿಯ ಎಂಟಿಬಿ (ಮೌಂಟನ್ ಬೈಕ್) ಸ್ಪರ್ಧೆಗೆ ದಪ್ಪ ಟೈರಿನ ಸೈಕಲ್ಲೇ ಬೇಕು. ತೋಟದ ದಾರಿಗಳಲ್ಲಿ ಬೆಳೆದ ಮಲೆನಾಡಿನ ಮಕ್ಕಳು ಅದರಲ್ಲಿ ಚೆನ್ನಾಗಿ ಮಿಂಚಬಲ್ಲರು ಎಂದು ನನ್ನ ನಂಬಿಕೆ. ನನ್ನ ಒಲವು ಮಾತ್ರ ದೂರದ ರಸ್ತೆಯ ಕಡೆಗೆ. 200, 300, 400, 600 ಕಿ.ಮೀ. ಬ್ರೆವೆಗಳನ್ನು ಒಂದೇ ಋತುವಿನಲ್ಲಿ ಮುಗಿಸಿದವರನ್ನು ಸೂಪರ್ ರಾಂಡೊನರ್ ಎನ್ನುತ್ತಾರೆ. 300ಕ್ಕೆ 20 ಗಂಟೆ ಅವಧಿ, ಅಂದರೆ ನನ್ನ ವೇಗಕ್ಕೆ ಕತ್ತಲಲ್ಲಿ ತುಳಿಯದೆ ಆಗುವುದಿಲ್ಲ. ಮುಂದೆ ಬಿಳಿ, ಹಿಂದೆ ಕೆಂಪು ದೀಪ, ಮೈಮೇಲೆ ಬೆಳಕು ಬಿದ್ದರೆ ಹೊಳೆಯುವ ಮೇಲಂಗಿ ಕಡ್ಡಾಯ. ಅವನ್ನೆಲ್ಲ ತಂದಿಟ್ಟುಕೊಂಡು ಈಗ ಅದಕ್ಕೇ ತಯಾರಿ ನಡೆಸಿದ್ದೇನೆ.