ಆಯುಧ ಪರವಾನಗಿ ಅರ್ಜಿಗೆ ಪೊಲೀಸ್ ವರದಿ: ಠಾಣೆಗೆ ಹೋಗುವ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ

ಕೋವಿಯೊಂದಕ್ಕೆ ಪರವಾನಗಿ ಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು, ಠಾಣೆಯಲ್ಲಿ ಯಾರನ್ನು ಕಾಣಬೇಕು ಎಂದು. ಆ ಪ್ರಶ್ನೆಯಲ್ಲೇ ಒಂದು ತಪ್ಪು ತಿಳಿವಳಿಕೆ ಅಡಗಿದೆ. ಪೊಲೀಸ್ ಠಾಣೆ ಪರವಾನಗಿಯನ್ನು ಕೊಡುವುದೂ ಇಲ್ಲ, ನಿರಾಕರಿಸುವುದೂ ಇಲ್ಲ. ಅದು ವರದಿ ಕೊಡುತ್ತದೆ, ಅಷ್ಟೆ. ಆದರೆ ಆ ವರದಿ ಪ್ರತಿಕೂಲವಾಗಿ ಬಂದರೆ ಅದನ್ನು ಬದಿಗಿಟ್ಟು ಪರವಾನಗಿ ಕೊಡುವ ಅಧಿಕಾರಿ ಸಿಗುವುದು ಅಪರೂಪ. ಆದ್ದರಿಂದ ಅರ್ಜಿದಾರನ ನಿಜವಾದ ಕೆಲಸವಿರುವುದು, ತಾನು ಬರೆದ ಕಾರಣವನ್ನು ಪೊಲೀಸರು ಸ್ಥಳಕ್ಕೆ ಬಂದು ನೋಡಿದಾಗ ಕಣ್ಣಿಗೆ ಕಾಣುವಂತೆ ಮತ್ತು ಕಾಗದದಲ್ಲಿ ಸಿಗುವಂತೆ ಮೊದಲೇ ಸಿದ್ಧಪಡಿಸಿಕೊಳ್ಳುವುದರಲ್ಲಿ.

ಕಾನೂನಿನ ಚೌಕಟ್ಟು ಹೀಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಪ್ರಕಾರ, ಅರ್ಜಿ ಬಂದ ಕೂಡಲೇ ಪರವಾನಗಿ ಪ್ರಾಧಿಕಾರವು ಹತ್ತಿರದ ಠಾಣಾಧಿಕಾರಿಯಿಂದ ವರದಿ ತರಿಸಿಕೊಳ್ಳಬೇಕು. ಜಿಲ್ಲೆಗಳಲ್ಲಿ ಈ ಪ್ರಾಧಿಕಾರ ಜಿಲ್ಲಾ ದಂಡಾಧಿಕಾರಿಯಾದ ಜಿಲ್ಲಾಧಿಕಾರಿ. ಬೆಂಗಳೂರಿನಂಥ ಕಮಿಷನರೇಟ್ ನಗರಗಳಲ್ಲಿ ಪೊಲೀಸ್ ಆಯುಕ್ತರು. 2016ರ ಶಸ್ತ್ರಾಸ್ತ್ರ ನಿಯಮಗಳು ವರದಿಗೆ 30 ದಿನಗಳ ಗಡುವು ಹಾಕಿವೆ, ವರದಿ ತಲುಪಿದ ಮೇಲೆ ತೀರ್ಮಾನಕ್ಕೆ 60 ದಿನಗಳನ್ನು ಕೊಟ್ಟಿವೆ. ಗಡುವಿನೊಳಗೆ ವರದಿ ಬಾರದಿದ್ದರೆ ಅದಕ್ಕಾಗಿ ಕಾಯದೆ ಆದೇಶ ಮಾಡುವ ಅಧಿಕಾರವೂ ಪ್ರಾಧಿಕಾರಕ್ಕೆ ಇದೆ. ಆದರೆ ಅದು ಅಧಿಕಾರವೇ ಹೊರತು ಕಡ್ಡಾಯವಲ್ಲ, ಮತ್ತು ಅದನ್ನು ನೆಚ್ಚಿಕೊಂಡು ಕೂರುವುದು ಜಾಣತನವಲ್ಲ.

ಅರ್ಜಿ ಬರೆಯುವ ಮುನ್ನ ಯಾವ ಆಯುಧ ಬೇಕೆಂಬುದನ್ನು ನಿರ್ಧರಿಸಬೇಕು, ಏಕೆಂದರೆ ಕಡತ ಹೋಗುವ ದಾರಿಯನ್ನು ನಿರ್ಣಯಿಸುವುದು ಆಯುಧದ ವರ್ಗ. ಬಂದೂಕಿನ ಕುದುರೆ (ಟ್ರಿಗರ್) ಒತ್ತಿ ಹಿಡಿದಷ್ಟು ಹೊತ್ತು ಗುಂಡು ಹಾರುತ್ತಲೇ ಇರುವ ಸ್ವಯಂಚಾಲಿತ ಆಯುಧಗಳು ನಿಷೇಧಿತ ವರ್ಗದವು. ಅವುಗಳ ಮಾತು ಇಲ್ಲಿ ಬೇಡ. ಅದರ ಕೆಳಗೆ, ನಿಯಮಗಳು ನಿರ್ಬಂಧಿತ ಎಂದು ಕರೆಯುವ ವರ್ಗವೊಂದಿದೆ: ಅರೆ-ಸ್ವಯಂಚಾಲಿತ ಬಂದೂಕುಗಳು, 20 ಅಂಗುಲಕ್ಕಿಂತ ಗಿಡ್ಡ ನಳಿಗೆಯ ನುಣುಪು ನಳಿಗೆ (ಒಳಗೆ ಸುರುಳಿ ಗೀರುಗಳಿಲ್ಲದ) ಬಂದೂಕುಗಳು, .303 ಅಥವಾ 7.62 ಎಂ.ಎಂ. ಸೇನಾ ತೋಟಾ ಹಿಡಿಸುವ ರೈಫಲುಗಳು, ಸೇನೆಯ 9 ಎಂ.ಎಂ. ತೋಟಾ ಹಾರಿಸಬಲ್ಲ ಪಿಸ್ತೂಲುಗಳು. ಬಂದೂಕಿನ ಅಂಗಡಿಯವರು ಪಿಬಿ (ಪ್ರೊಹಿಬಿಟೆಡ್ ಬೋರ್) ಎನ್ನುವುದು ಇವನ್ನೇ, ಉಳಿದ ಅನುಮತಿಸಬಹುದಾದ ವರ್ಗವನ್ನು ನಾನ್-ಪ್ರೊಹಿಬಿಟೆಡ್ ಬೋರ್, ಅಂದರೆ ಎನ್‌ಪಿಬಿ ಎನ್ನುತ್ತಾರೆ. ನಾಗರಿಕರ ಕೈಯಲ್ಲಿ .32 ಪಿಸ್ತೂಲು, .32 ರಿವಾಲ್ವರ್, .315 ರೈಫಲ್ ಮತ್ತು 12 ಬೋರ್ ಬಂದೂಕುಗಳೇ ಹೆಚ್ಚಾಗಿ ಕಾಣುವುದಕ್ಕೆ ಕಾರಣ ಈ ವಿಂಗಡಣೆ. ಅವು ಸೇನಾ ತೋಟಾಗಳನ್ನು ಹಿಡಿಸುವುದಿಲ್ಲ.

ನಿರ್ಬಂಧಿತ ವರ್ಗಕ್ಕೆ ಪರವಾನಗಿ ಕೊಡುವ ಅಧಿಕಾರ ಜಿಲ್ಲಾಧಿಕಾರಿಗಿಲ್ಲ. ಅದು ಕೇಂದ್ರ ಗೃಹ ಸಚಿವಾಲಯದ್ದು. ಆದರೂ ಸ್ಥಳೀಯ ಪೊಲೀಸರ ಮಾತಿಗೆ ಅತಿ ಹೆಚ್ಚು ತೂಕ ಬರುವುದು ಇಲ್ಲಿಯೇ. ನಿಯಮಗಳು ಈ ವರ್ಗಕ್ಕೆ ಪರಿಗಣಿಸುವುದು ಉಗ್ರಗಾಮಿಗಳು ಸಕ್ರಿಯವಾಗಿರುವ ಪ್ರದೇಶದಲ್ಲಿ ವಾಸಿಸುತ್ತ ಜೀವಕ್ಕೆ ಗಂಭೀರ ಬೆದರಿಕೆ ಎದುರಿಸುತ್ತಿರುವವರನ್ನು, ಉಗ್ರಗಾಮಿಗಳ ಪ್ರಮುಖ ಗುರಿಯಾಗಿರುವವರನ್ನು, ಹುದ್ದೆ ಅಥವಾ ಕರ್ತವ್ಯದ ಕಾರಣದಿಂದ ಅಪಾಯಕ್ಕೆ ಒಡ್ಡಿಕೊಂಡಿರುವ ಸರ್ಕಾರಿ ಅಧಿಕಾರಿಗಳು ಮತ್ತು ಜನಪ್ರತಿನಿಧಿಗಳಂಥವರನ್ನು ಮಾತ್ರ. ಈ ಬೆದರಿಕೆ ಇದೆಯೇ ಇಲ್ಲವೇ ಎಂಬುದನ್ನು ದೆಹಲಿಯಲ್ಲಿ ಕುಳಿತವರು ತಾವಾಗಿ ಕಂಡುಕೊಳ್ಳಲಾರರು. ಠಾಣೆಯಲ್ಲಿ ದಾಖಲಾದ ದೂರು, ಎಫ್‌ಐಆರ್, ಗುಪ್ತವಾರ್ತೆ ವಿಭಾಗದ ಟಿಪ್ಪಣಿ, ಹಿಂದೆ ಅಂಗರಕ್ಷಕರನ್ನು ಒದಗಿಸಿದ್ದರೆ ಅದರ ಆದೇಶ, ಇವುಗಳ ಮೇಲೆಯೇ ಆ ಕಡತ ನಿಲ್ಲುತ್ತದೆ. ಬೆದರಿಕೆ ಕರೆ ಬಂದ ದಿನ ದೂರು ಕೊಡದೆ, ಎರಡು ವರ್ಷ ಕಳೆದ ಮೇಲೆ ಅರ್ಜಿಯಲ್ಲಿ ಆ ಕರೆಯನ್ನು ನೆನಪಿಸಿಕೊಳ್ಳುವವರಿದ್ದಾರೆ. ಠಾಣೆಯ ದಾಖಲೆಯಲ್ಲಿ ಇಲ್ಲದ ಬೆದರಿಕೆಯನ್ನು ಠಾಣಾಧಿಕಾರಿ ತನ್ನ ಸಹಿ ಹಾಕಿ ದೃಢಪಡಿಸುವುದು ಹೇಗೆ ಸಾಧ್ಯ? ಸಾಮಾನ್ಯ ರೈತನಿಗೂ ವ್ಯಾಪಾರಿಗೂ ನನ್ನ ಸಲಹೆ, ಈ ವರ್ಗದ ಆಸೆಯನ್ನು ಬಿಟ್ಟುಬಿಡಿ ಎಂಬುದೇ.

ಅನುಮತಿಸಬಹುದಾದ ವರ್ಗದಲ್ಲಿಯೂ ಕಾರಣವೇ ಮುಖ್ಯ. ಕಾಯ್ದೆ ಇಲ್ಲಿ ಒಂದು ಸೂಕ್ಷ್ಮ ವ್ಯತ್ಯಾಸ ಮಾಡಿದೆ. 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ನುಣುಪು ನಳಿಗೆ ಬಂದೂಕನ್ನು ರಕ್ಷಣೆಗೋ ಕ್ರೀಡೆಗೋ ಕೇಳಿದರೆ, ಅಥವಾ ಬೆಳೆ ರಕ್ಷಣೆಗೆ ಮದ್ದು ತುಂಬುವ ಕೋವಿಯನ್ನು ಕೇಳಿದರೆ, ನಿರಾಕರಿಸಲು ಬೇರೆ ಕಾರಣವಿಲ್ಲದಿದ್ದಾಗ ಪ್ರಾಧಿಕಾರವು ಪರವಾನಗಿ ಕೊಡತಕ್ಕದ್ದು ಎಂಬ ಧಾಟಿಯಲ್ಲಿ ಕಲಂ ಇದೆ. ಮದ್ದು ತುಂಬುವ ಈ ಕೇಪಿನ ಕೋವಿ ಸಾಲದೆಂದು ತೋರಿಸಿದರೆ ತೋಟೆ ಕೋವಿಗೂ ಅವಕಾಶವಿದೆ. ರಿವಾಲ್ವರ್, ಪಿಸ್ತೂಲಿನಂಥವುಗಳಿಗೆ ಮಾತ್ರ ಪ್ರಾಧಿಕಾರಕ್ಕೆ ಮನವರಿಕೆಯಾಗುವಂಥ ಸಕಾರಣ ಬೇಕು. ಕಾಡುಹಂದಿ ತೋಟ ಅಗೆಯುತ್ತದೆ ಎಂಬ ಕಾರಣ ಕೊಟ್ಟು ಪಿಸ್ತೂಲು ಕೇಳಿದ ಅರ್ಜಿಯನ್ನು ಕಂಡಿದ್ದೇನೆ. ಅದರ ಗತಿ ಏನಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಕಾರಣ ಮತ್ತು ಆಯುಧ ಒಂದಕ್ಕೊಂದು ಹೊಂದಬೇಕು, ಮತ್ತು "ಸ್ವಯಂ ರಕ್ಷಣೆಗಾಗಿ" ಎಂಬ ಎರಡು ಪದಗಳಲ್ಲಿ ಕಾರಣವನ್ನು ಮುಗಿಸಬಾರದು. ಒಂಟಿ ಮನೆಯಾದರೆ ಹತ್ತಿರದ ಮನೆಗೂ ಠಾಣೆಗೂ ಎಷ್ಟು ದೂರ ಎಂದು ಬರೆಯಿರಿ. ನಗದು ಸಾಗಿಸುವ ವ್ಯಾಪಾರವಾದರೆ ಬ್ಯಾಂಕ್ ದಾಖಲೆ, ತೆರಿಗೆ ವಿವರಣೆ ಜೊತೆಗಿಡಿ. ಬೆಳೆ ನಷ್ಟವಾದರೆ ಪಹಣಿ, ಫೋಟೊ, ಅರಣ್ಯ ಇಲಾಖೆಗೆ ಪರಿಹಾರ ಕೋರಿ ಸಲ್ಲಿಸಿದ ಅರ್ಜಿಯ ಪ್ರತಿ ಇರಲಿ. ಪರಿಹಾರದ ಅರ್ಜಿಯನ್ನೇ ಹಾಕದವನ ನಷ್ಟವನ್ನು ಯಾವ ಅಧಿಕಾರಿಯೂ ಸುಲಭವಾಗಿ ನಂಬುವುದಿಲ್ಲ.

ಮಲೆನಾಡಿನವರು ಇನ್ನೊಂದು ಕಾನೂನನ್ನೂ ನೆನಪಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ, ಅಭಯಾರಣ್ಯದಿಂದ 10 ಕಿಲೋಮೀಟರ್ ವ್ಯಾಪ್ತಿಯೊಳಗೆ ಹೊಸ ಆಯುಧ ಪರವಾನಗಿ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು. ಪೊಲೀಸ್ ವರದಿ ಅನುಕೂಲವಾಗಿದ್ದೂ ಕಡತ ತಿಂಗಳುಗಟ್ಟಲೆ ಅಲುಗಾಡದೆ ಕುಳಿತಿದ್ದರೆ, ಅದು ಅರಣ್ಯ ಇಲಾಖೆಯ ಕಡೆ ಹೋಗಿ ನಿಂತಿರುವ ಸಾಧ್ಯತೆಯನ್ನು ಮೊದಲು ವಿಚಾರಿಸಿ. ಬೆಳೆ ರಕ್ಷಣೆಯ ಪರವಾನಗಿ ಎಂದರೆ ಪ್ರಾಣಿಯನ್ನು ಕೊಲ್ಲುವ ಅನುಮತಿ ಎಂದೂ ಭಾವಿಸಬಾರದು. ಅದಕ್ಕೆ ಅದೇ ಕಾಯ್ದೆಯ 11ನೇ ಕಲಮಿನಡಿ ಪ್ರತ್ಯೇಕ ಲಿಖಿತ ಅನುಮತಿ ಬೇಕಾಗುತ್ತದೆ.

ಅರ್ಜಿಯನ್ನು ನಮೂನೆ ಎ-1ರಲ್ಲಿ ಸಲ್ಲಿಸಬೇಕು. ಈಗ ಇದು ರಾಷ್ಟ್ರೀಯ ಆಯುಧ ಪರವಾನಗಿ ದತ್ತಾಂಶದ ಪೋರ್ಟಲ್ ಮೂಲಕ ದಾಖಲಾಗುತ್ತದೆ, ಪರವಾನಗಿ ಸಿಕ್ಕಾಗ ವಿಶಿಷ್ಟ ಗುರುತಿನ ಸಂಖ್ಯೆಯೂ ಬರುತ್ತದೆ. ಫೋಟೊ, ವಯಸ್ಸು, ಗುರುತು ಮತ್ತು ವಾಸಸ್ಥಳದ ದಾಖಲೆಗಳ ಜೊತೆಗೆ ದೈಹಿಕ ಮತ್ತು ಮಾನಸಿಕ ಸ್ವಾಸ್ಥ್ಯದ ವೈದ್ಯಕೀಯ ಪ್ರಮಾಣಪತ್ರವೂ ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿಯ ಪ್ರಮಾಣಪತ್ರವೂ ಇರಬೇಕು. ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ಗಮನಿಸುತ್ತಿರಿ. ಶಿಬಿರ ಯಾವಾಗಲೂ ನಡೆಯುವುದಿಲ್ಲವಾದ್ದರಿಂದ, ಅರ್ಜಿಗೆ ಕೈಹಾಕುವ ಮೊದಲೇ ಇದನ್ನು ಮುಗಿಸಿಕೊಳ್ಳುವುದು ಮೇಲು.

ಇನ್ನು ಠಾಣೆಯ ವಿಚಾರಣೆ. ಅರ್ಜಿಯ ಪ್ರತಿ ಠಾಣೆಗೆ ಬಂದಾಗ ಪೊಲೀಸರು ನೋಡುವುದು ಮೂರು ನಾಲ್ಕು ಸಂಗತಿಗಳನ್ನು. ಅರ್ಜಿದಾರನ ಮೇಲೆ ಪ್ರಕರಣಗಳಿವೆಯೇ, ರೌಡಿ ಪಟ್ಟಿಯಲ್ಲಿ ಹೆಸರಿದೆಯೇ ಎಂಬುದು ದಾಖಲೆಯಿಂದ ತಿಳಿಯುತ್ತದೆ. ನಡತೆ, ಕುಡಿತ, ಮನೆಯೊಳಗಿನ ಜಗಳ, ನೆರೆಯವರೊಂದಿಗಿನ ವೈಮನಸ್ಯ ಇವೆಲ್ಲ ಬೀಟ್ ಸಿಬ್ಬಂದಿ ಅಕ್ಕಪಕ್ಕದವರನ್ನು ಕೇಳಿ ತಿಳಿದುಕೊಳ್ಳುವ ವಿಷಯ. ಆಯುಧವನ್ನು ಎಲ್ಲಿ ಇಡುತ್ತೀರಿ ಎಂಬುದನ್ನು ಮನೆಗೆ ಬಂದು ನೋಡಬಹುದು. ಬೀಗವಿರುವ ಕಬ್ಬಿಣದ ಬೀರು, ತೋಟಾಗಳಿಗೆ ಬೇರೆ ಜಾಗ, ಮಕ್ಕಳ ಕೈಗೆ ಬೀಗದ ಕೈ ಸಿಗದ ವ್ಯವಸ್ಥೆ, ಇಷ್ಟು ಅಂದೇ ತೋರಿಸುವಂತಿರಲಿ. ವರದಿ ಸಾಮಾನ್ಯವಾಗಿ ಠಾಣೆಯಿಂದ ಉಪಾಧೀಕ್ಷಕರ ಮೂಲಕ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಅಲ್ಲಿಂದ ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತದೆ. ಕಡತ ಯಾವ ಮೇಜಿನ ಮೇಲಿದೆ ಎಂದು ಕೇಳುವಾಗ ಈ ಕ್ರಮ ತಿಳಿದಿರುವುದು ಒಳ್ಳೆಯದು.

ಹಳೆಯ ಪ್ರಕರಣಗಳ ವಿಷಯದಲ್ಲಿ ಜನ ಅನಾವಶ್ಯಕವಾಗಿ ಹೆದರುತ್ತಾರೆ, ಹೆದರಿ ಮುಚ್ಚಿಡುತ್ತಾರೆ. ಕಾಯ್ದೆಯ 9ನೇ ಕಲಂ ತಡೆಯೊಡ್ಡುವುದು 21 ವರ್ಷ ತುಂಬದವರಿಗೆ, ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕಾಗಿ ಜೈಲು ಶಿಕ್ಷೆಯಾಗಿ ಅದು ಮುಗಿದ ಮೇಲೆ ಐದು ವರ್ಷ ಕಳೆಯದವರಿಗೆ, ಮತ್ತು ಶಾಂತಿ ಕಾಪಾಡುವ ಮುಚ್ಚಳಿಕೆ ಬರೆದುಕೊಟ್ಟು ಅದರ ಅವಧಿ ಮುಗಿಯದವರಿಗೆ. ಈ ಕೊನೆಯದರ ಬಗ್ಗೆ ಹಳ್ಳಿಯವರು ಎಚ್ಚರದಿಂದಿರಬೇಕು. ಬೇಲಿಯ ಜಗಳಕ್ಕೆ ಎರಡೂ ಕಡೆಯವರ ಮೇಲೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 107ನೇ ಕಲಂ ಹಾಕಿ ತಹಸೀಲ್ದಾರರ ಮುಂದೆ ಬಾಂಡ್ ಬರೆಸಿಕೊಳ್ಳುವುದು ನಮ್ಮಲ್ಲಿ ಮಾಮೂಲು. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 126ನೇ ಕಲಂ ಆಗಿದೆ, ಆದರೆ ಠಾಣೆಯ ಬಾಯಲ್ಲಿ ಇನ್ನೂ 107 ಎಂದೇ ಉಳಿದಿದೆ. ಬಾಂಡಿನ ಅವಧಿ ಮುಗಿಯುವವರೆಗೆ ಅರ್ಜಿ ಹಾಕದಿರುವುದೇ ಸರಿ. ಖುಲಾಸೆಯಾದ ಅಥವಾ ರಾಜಿಯಾದ ಪ್ರಕರಣವಿದ್ದರೆ ತೀರ್ಪಿನ ದೃಢೀಕೃತ ಪ್ರತಿಯನ್ನು ನೀವೇ ಮುಂದಾಗಿ ಲಗತ್ತಿಸಿ. ವಾಸ್ತವವನ್ನು ಮುಚ್ಚಿಟ್ಟು ಪಡೆದ ಪರವಾನಗಿಯನ್ನು 17ನೇ ಕಲಮಿನಡಿ ಯಾವಾಗ ಬೇಕಾದರೂ ರದ್ದುಪಡಿಸಬಹುದು.

ವರದಿ ಹೋಗದೆ ಉಳಿದರೆ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಸಂಖ್ಯೆ ನಮೂದಿಸಿ ಲಿಖಿತ ನೆನಪೋಲೆ ಕೊಡಿ, ಸ್ವೀಕೃತಿ ಪಡೆಯಿರಿ. ಅದಕ್ಕೂ ಉತ್ತರವಿಲ್ಲದಿದ್ದರೆ ಮಾಹಿತಿ ಹಕ್ಕಿನಡಿ ಕಡತದ ಸ್ಥಿತಿಯನ್ನು ಕೇಳಿ. ನಿರಾಕರಣೆಯಾದರೆ ಆದೇಶ ಲಿಖಿತವಾಗಿರಬೇಕು, ಕಾರಣ ದಾಖಲಾಗಿರಬೇಕು, ಮತ್ತು ಸಾರ್ವಜನಿಕ ಹಿತಕ್ಕೆ ಧಕ್ಕೆಯಿಲ್ಲದಿದ್ದರೆ ಕೇಳಿದಾಗ ಆ ಕಾರಣದ ಸಂಕ್ಷಿಪ್ತ ಹೇಳಿಕೆಯನ್ನು ನಿಮಗೆ ಕೊಡಬೇಕು. ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂದು 14ನೇ ಕಲಂ ಸ್ಪಷ್ಟವಾಗಿ ಹೇಳಿದೆ. ಕೂಲಿ ಮಾಡುವವನಿಗೆ ಕೋವಿ ಏಕೆ ಎಂಬ ಷರಾ ಕಂಡರೆ ಈ ಕಲಮನ್ನು ಉದ್ಧರಿಸಿ. ಮೇಲ್ಮನವಿಗೆ 30 ದಿನಗಳ ಕಾಲಾವಕಾಶವಿದೆ. ಮೇಲ್ಮನವಿಯಲ್ಲಿ ಪೊಲೀಸರನ್ನು ದೂರುವುದಕ್ಕಿಂತ, ವರದಿಯಲ್ಲಿನ ಯಾವ ವಾಕ್ಯ ಯಾವ ದಾಖಲೆಗೆ ವಿರುದ್ಧವಾಗಿದೆ ಎಂದು ತೋರಿಸುವುದು ಫಲ ಕೊಡುತ್ತದೆ.

ತಂದೆಯ ಅಥವಾ ಅಜ್ಜನ ಕೋವಿ ಮನೆಯಲ್ಲೇ ಉಳಿದಿದ್ದರೆ ದಾರಿ ಬೇರೆ. ಪರವಾನಗಿದಾರ ತೀರಿಕೊಂಡ ಮೇಲೆ ಆ ಕೋವಿಯನ್ನು ಅಟ್ಟದ ಮೇಲೆ ಇಟ್ಟುಕೊಂಡಿರುವುದು, ಎಷ್ಟೇ ಅಕ್ಕರೆಯಿಂದ ಇಟ್ಟುಕೊಂಡಿದ್ದರೂ, ಅಕ್ರಮ ಸ್ವಾಧೀನ. ತಡಮಾಡದೆ ಠಾಣೆಯಲ್ಲೋ ಪರವಾನಗಿ ಪಡೆದ ಬಂದೂಕು ವ್ಯಾಪಾರಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆಯಬೇಕು, ಆಮೇಲೆ ಉಳಿದ ವಾರಸುದಾರರ ಒಪ್ಪಿಗೆಯೊಂದಿಗೆ ಒಬ್ಬರು ಅರ್ಜಿ ಹಾಕಬೇಕು. ಪರವಾನಗಿದಾರ ಬದುಕಿದ್ದಾಗಲೇ, 70 ವರ್ಷ ತುಂಬಿದ ಮೇಲೆ ಅಥವಾ ಆಯುಧವನ್ನು 25 ವರ್ಷ ಹೊಂದಿದ ಮೇಲೆ, ತಾನು ಸೂಚಿಸಿದ ವಾರಸುದಾರನಿಗೆ ವರ್ಗಾಯಿಸಲು ನಿಯಮಗಳು ಅವಕಾಶ ಕೊಟ್ಟಿವೆ. ಹಿರಿಯರು ಗಟ್ಟಿಯಾಗಿರುವಾಗಲೇ ಇದನ್ನು ಮಾಡಿಸಿಕೊಂಡರೆ ಮುಂದಿನ ಅಲೆದಾಟ ಬಹಳ ತಪ್ಪುತ್ತದೆ.

ಕೊಡಗಿನ ಮಾತು ಪ್ರತ್ಯೇಕ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂ) ಹಿಡುವಳಿದಾರರಿಗೂ ಕೇಂದ್ರ ಸರ್ಕಾರದ ಅಧಿಸೂಚನೆಯಂತೆ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು ಹತ್ತು ವರ್ಷಗಳಿಗೆ ಮುಂದುವರಿಸಲಾಯಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ವಿನಾಯಿತಿ ಇದ್ದರೂ ವಿನಾಯಿತಿ ಪತ್ರ ಪಡೆಯಬೇಕು, ಮತ್ತು ನಿರ್ಬಂಧಿತ ಆಯುಧಗಳಿಗೆ ಅದು ಅನ್ವಯಿಸುತ್ತದೆಂದು ಭಾವಿಸಬಾರದು.

ಪರವಾನಗಿ ಕೈಗೆ ಬಂದ ಮೇಲೂ ಠಾಣೆಯ ಸಂಬಂಧ ಮುಗಿಯುವುದಿಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರು ಹೊಂದಬಹುದಾದದ್ದು ಎರಡು ಬಂದೂಕು, ಪರವಾನಗಿಯ ಅವಧಿ ಐದು ವರ್ಷ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯಲು 60 ದಿನವಿರುವಾಗಲೇ ಹಾಕಿ, ಏಕೆಂದರೆ ಆಗಲೂ ಪೊಲೀಸರ ಅಭಿಪ್ರಾಯ ಕೇಳುವುದುಂಟು. ಮದುವೆ ದಿಬ್ಬಣದಲ್ಲೋ ಜಾತ್ರೆಯಲ್ಲೋ ಹುರುಪಿಗೆ ಗುಂಡು ಹಾರಿಸಿ ಯಾರ ಜೀವಕ್ಕಾದರೂ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಚುನಾವಣೆ ಘೋಷಣೆಯಾದಾಗ ಆಯುಧ ಠೇವಣಿ ಇಡುವಂತೆ ಆದೇಶ ಬಂದರೆ ಗಡುವಿನೊಳಗೆ ಇಟ್ಟು, ಬೆಳೆ ರಕ್ಷಣೆಗೆ ಆ ದಿನಗಳಲ್ಲೇ ಕೋವಿ ಅನಿವಾರ್ಯವಾಗಿದ್ದರೆ ವಿನಾಯಿತಿ ಕೋರಿ ಪರಿಶೀಲನಾ ಸಮಿತಿಗೆ ಲಿಖಿತ ಮನವಿ ಕೊಡಿ. ಠೇವಣಿ ರಸೀದಿಯಲ್ಲಿ ಕೋವಿಯ ಸಂಖ್ಯೆ, ತೋಟಾಗಳ ಎಣಿಕೆ, ಮರದ ಹಿಡಿಯ ಸ್ಥಿತಿ ಮೂರನ್ನೂ ಬರೆಸಿಕೊಳ್ಳಿ. ಮಳೆಗಾಲದಲ್ಲಿ ಠಾಣೆಯ ಕೋಣೆಯಲ್ಲಿ ಕಳೆದ ಎರಡು ತಿಂಗಳು ನಳಿಗೆಗೆ ಒಳ್ಳೆಯದಲ್ಲವಾದ್ದರಿಂದ, ಕೊಡುವ ಮುನ್ನ ಒಳಗೂ ಹೊರಗೂ ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ ಕೊಡಿ.